ಒಡ್ಡಿನ ಹಣ್ಣುಗಳ ಹುಳಿ, ಒಗರು: ಅವುಗಳಲ್ಲಿ ಏನಿದೆ?

ವಿಜಯಪುರ ಜಿಲ್ಲೆಯ ಹೊಲಗಳ ಒಡ್ಡುಗಳ ಮೇಲೂ ಹಳ್ಳದ ದಂಡೆಗಳಲ್ಲೂ ಬಾರಿ, ಹುಣಸೆ, ಬೇಲ, ನೇರಳೆ, ಕವಳಿ ಮೊದಲಾದ ಹಣ್ಣಿನ ಗಿಡಗಳು ಹೆಚ್ಚಿನ ಆರೈಕೆಯಿಲ್ಲದೆ ಬೆಳೆಯುತ್ತವೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ಇಲ್ಲಿ ಮಲೆನಾಡಿನ ಮುರುಗಲು, ಉಪ್ಪಾಗೆಗಳು ಬಾಳಲಾರವು. ಬಿಸಿಲಿಗೂ ಬರಕ್ಕೂ ಒಗ್ಗಿದ ಈ ಗಿಡಗಳೇ ನಮ್ಮ ಭಾಗದ ಕಾಡುಹಣ್ಣುಗಳು. ಟಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ತೋಟಕ್ಕೆ ಭೂಮಿ ಸಿದ್ಧಪಡಿಸುವಾಗ ಇವನ್ನು ನಿರುಪಯುಕ್ತವೆಂದು ಕಡಿದುಹಾಕುವುದುಂಟು. ಕೊಡಲಿ ಹಾಕುವ ಮೊದಲು ಈ ಹಣ್ಣುಗಳಲ್ಲಿ ಏನಿದೆ, ಅದು ನಮ್ಮ ನಿತ್ಯದ ಊಟಕ್ಕೆ ಹೇಗೆ ನೆರವಾಗುತ್ತದೆ ಎಂಬುದನ್ನು ತಿಳಿಯುವುದು ಅವಶ್ಯ.

ರೊಟ್ಟಿಯಲ್ಲಿರುವ ಕಬ್ಬಿಣ

ಜೋರಾಪುರ ಪೇಟೆಯ ಮನೆಯಾಗಲಿ, ತೋಟದ ವಸ್ತಿಯಾಗಲಿ, ಊಟದ ಮುಖ್ಯ ಭಾಗ ಜೋಳದ ರೊಟ್ಟಿ. 100 ಗ್ರಾಂ ಜೋಳದಲ್ಲಿ ಸುಮಾರು 4 ಮಿ.ಗ್ರಾಂ ಕಬ್ಬಿಣವಿದೆ. ಆದರೆ ಕಾಳಿನಲ್ಲಿರುವ ಫೈಟಿಕ್ ಆಮ್ಲವು ಈ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ತಿಂದ ಕಬ್ಬಿಣದ ಹತ್ತನೆಯ ಒಂದು ಭಾಗವೂ ರಕ್ತಕ್ಕೆ ಸೇರುವುದಿಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ಮತ್ತು ಮಕ್ಕಳಲ್ಲಿ ರಕ್ತಹೀನತೆ ಹೆಚ್ಚಾಗಿರಲು ಇದೂ ಒಂದು ಕಾರಣ.

ಇಲ್ಲಿ ‘ಸಿ’ ಜೀವಸತ್ವವು ನೆರವಿಗೆ ಬರುತ್ತದೆ. ಅದು ಕಬ್ಬಿಣವನ್ನು ಕರುಳು ಹೀರಿಕೊಳ್ಳಬಲ್ಲ ರೂಪಕ್ಕೆ ತರುತ್ತದೆ ಮತ್ತು ಕರಗಿದ ಸ್ಥಿತಿಯಲ್ಲಿಯೇ ಇರಿಸುತ್ತದೆ. ಆದರೆ ಹಣ್ಣು ಮತ್ತು ರೊಟ್ಟಿ ಒಂದೇ ಊಟದಲ್ಲಿ ಹೊಟ್ಟೆಗೆ ಸೇರಬೇಕು. ಬೆಳಿಗ್ಗೆ ತಿಂದ ಹಣ್ಣು ರಾತ್ರಿಯ ರೊಟ್ಟಿಯ ಕಬ್ಬಿಣಕ್ಕೆ ಹೆಚ್ಚು ಪ್ರಯೋಜನ ಕೊಡುವುದಿಲ್ಲ.

ಬಾರಿ ಹಣ್ಣು

ಒಡ್ಡಿನ ಹಣ್ಣುಗಳಲ್ಲಿ ಈ ಕೆಲಸಕ್ಕೆ ಬಾರಿಯೇ ಮೇಲು. 100 ಗ್ರಾಂ ಹಣ್ಣಿನಲ್ಲಿ ಸುಮಾರು 75 ಮಿ.ಗ್ರಾಂ ‘ಸಿ’ ಜೀವಸತ್ವವಿರುತ್ತದೆ. ತಳಿ ಮತ್ತು ಮಾಗಿದ ಹಂತಕ್ಕೆ ಅನುಗುಣವಾಗಿ ಇದು ಹೆಚ್ಚು ಕಡಿಮೆಯಾಗಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಹೆಂಗಸಿಗೆ ದಿನಕ್ಕೆ 65 ಮಿ.ಗ್ರಾಂ, ಗಂಡಸಿಗೆ 80 ಮಿ.ಗ್ರಾಂ ಬೇಕು. ಎಂದರೆ ಒಂದೆರಡು ಹಿಡಿ ಬಾರಿ ಹಣ್ಣಿನಿಂದ ಒಂದು ದಿನದ ಅವಶ್ಯಕತೆ ಬಹುತೇಕ ಪೂರೈಸುತ್ತದೆ. ಬೆಲೆಬಾಳುವ ಸೇಬು, ದ್ರಾಕ್ಷಿಗಳಲ್ಲಿ ಈ ಜೀವಸತ್ವ ಬಾರಿಗಿಂತ ಬಹಳ ಕಡಿಮೆ.

ಕಾಯಿ ಹಸಿರು ಕಳೆದು ಹೊನ್ನಿನ ಹಳದಿ ಬಣ್ಣಕ್ಕೆ ತಿರುಗಿದಾಗ ಕೊಯ್ಯಬೇಕು. ಆಗ ಸಕ್ಕರೆಯೂ ಜೀವಸತ್ವವೂ ಚೆನ್ನಾಗಿರುತ್ತವೆ. ಕೆಂಪಗಾಗಿ ಮೆತ್ತಗಾದ ಹಣ್ಣು ಸಿಹಿಯಾಗಿದ್ದರೂ ಅದರಲ್ಲಿ ಜೀವಸತ್ವ ಇಳಿದಿರುತ್ತದೆ. ಬಿಸಿಲಿನಲ್ಲಿ ಒಣಗಿಸಿದ ಬಾರಿಯಲ್ಲಿ ಸಕ್ಕರೆ ಮತ್ತು ಖನಿಜಗಳು ಉಳಿಯುತ್ತವೆ. ‘ಸಿ’ ಜೀವಸತ್ವ ಬಹುಪಾಲು ನಷ್ಟವಾಗುತ್ತದೆ.

ಹುಣಸೆ

ಹುಳಿ ಇದ್ದಲ್ಲೆಲ್ಲ ‘ಸಿ’ ಜೀವಸತ್ವವಿದೆ ಎಂಬ ನಂಬಿಕೆ ಸರಿಯಲ್ಲ. ಹುಣಸೆಯ ಹುಳಿಗೆ ಕಾರಣ ಟಾರ್ಟಾರಿಕ್ ಆಮ್ಲ. ತಿರುಳಿನಲ್ಲಿ ಇದು ಶೇಕಡಾ 8ರಿಂದ 18ರಷ್ಟಿರುತ್ತದೆ. ಬೇರೆ ಹಣ್ಣುಗಳು ಮಾಗುವಾಗ ಆಮ್ಲ ಕಡಿಮೆಯಾಗುತ್ತದೆ. ಹುಣಸೆಯಲ್ಲಿ ಅದು ಹಾಗೆಯೇ ಉಳಿದು ಸಕ್ಕರೆ ಮಾತ್ರ ಹೆಚ್ಚುತ್ತದೆ. ಆದ್ದರಿಂದಲೇ ಹಣ್ಣಾದ ಹುಣಸೆ ಹುಳಿಯೂ ಹೌದು, ಸಿಹಿಯೂ ಹೌದು. ಇದರಲ್ಲಿ ಸುಣ್ಣದಂಶ ಚೆನ್ನಾಗಿದೆ. ‘ಸಿ’ ಜೀವಸತ್ವ ಮಾತ್ರ ಅತ್ಯಲ್ಪ.

ಬೇಲ, ನೇರಳೆ, ಕವಳಿ

ಬೇಲದ ತಿರುಳಿನಲ್ಲಿ 100 ಗ್ರಾಂಗೆ ಸುಮಾರು 130 ಮಿ.ಗ್ರಾಂ ಸುಣ್ಣದಂಶವಿದೆ. ಬೆಲ್ಲ ಬೆರೆಸಿದ ಪಾನಕ ಮಕ್ಕಳಿಗೆ ಒಳ್ಳೆಯದು. ನೇರಳೆಯ ನೇರಿಳೆ ಬಣ್ಣಕ್ಕೆ ಆಂಥೋಸಯನಿನ್ ಎಂಬ ವರ್ಣದ್ರವ್ಯವೂ, ಒಗರಿಗೆ ಟ್ಯಾನಿನ್ ಎಂಬ ವಸ್ತುವೂ ಕಾರಣ. ಟ್ಯಾನಿನ್ ಕಬ್ಬಿಣವನ್ನು ಕಟ್ಟಿಹಾಕುವುದರಿಂದ ನೇರಳೆಯನ್ನು ಊಟದೊಡನೆ ತಿನ್ನದೆ ನಡುವಿನ ಹೊತ್ತಿನಲ್ಲಿ ತಿನ್ನಬೇಕು. ಊಟವಾದ ಕೂಡಲೇ ಚಹಾ ಕುಡಿಯಬಾರದೆನ್ನುವುದಕ್ಕೂ ಇದೇ ಕಾರಣ. ನೇರಳೆ ಬೀಜದ ಪುಡಿಯನ್ನು ನಂಬಿ ಸಕ್ಕರೆ ಕಾಯಿಲೆಯವರು ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸಬಾರದು. ಕವಳಿಯಲ್ಲಿ ಆಮ್ಲವೂ ಪೆಕ್ಟಿನ್ ಎಂಬ ಅಂಟು ಪದಾರ್ಥವೂ ಹೇರಳವಾಗಿರುವುದರಿಂದ ಜೆಲ್ಲಿ, ಉಪ್ಪಿನಕಾಯಿಗೆ ಯೋಗ್ಯ.

ಬಳಸುವ ಕ್ರಮ

1. ಬಾರಿಯ ಕಾಲದಲ್ಲಿ, ಅಂದರೆ ನವೆಂಬರಿನಿಂದ ಫೆಬ್ರವರಿಯವರೆಗೆ, ರೊಟ್ಟಿಯ ಊಟದೊಡನೆ ಒಂದು ಹಿಡಿ ತಾಜಾ ಹಣ್ಣು ತಿನ್ನಬೇಕು.

2. ಉಳಿದ ತಿಂಗಳುಗಳಲ್ಲಿ ಲಿಂಬೆ ಅಥವಾ ನೆಲ್ಲಿ ಬಳಸಬಹುದು. ಲಿಂಬೆ ರಸವನ್ನು ಪಲ್ಯ, ಬೇಳೆಗಳನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು. ಕುದಿಸಿದರೆ ‘ಸಿ’ ಜೀವಸತ್ವ ನಾಶವಾಗುತ್ತದೆ.

3. ಹಣ್ಣನ್ನು ತಿನ್ನುವ ಹೊತ್ತಿಗೆ ಕತ್ತರಿಸಬೇಕು. ಕತ್ತರಿಸಿ ಇಟ್ಟರೆ ಗಾಳಿ ತಗುಲಿ ಜೀವಸತ್ವ ಕುಗ್ಗುತ್ತದೆ.

4. ಹುಳಿ ಪದಾರ್ಥಗಳನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಇಡಬಾರದು. ಆಮ್ಲವು ಲೋಹವನ್ನು ಕರಗಿಸುತ್ತದೆ. ತಾಮ್ರವು ‘ಸಿ’ ಜೀವಸತ್ವವನ್ನು ಕೆಡಿಸುತ್ತದೆ.

5. ರಕ್ತಹೀನತೆ ಇರುವವರು, ಗರ್ಭಿಣಿಯರು ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕು. ಹಣ್ಣು ಮಾತ್ರೆಗೆ ಬದಲಿಯಲ್ಲ, ಊಟಕ್ಕೆ ಪೂರಕ.

ಗಿಡ ಕಡಿಯದೆ ಸುಧಾರಿಸಿರಿ

ಒಡ್ಡಿನ ಕಾಡು ಬಾರಿಯ ಹಣ್ಣು ಸಣ್ಣದಾದರೆ ಗಿಡವನ್ನು ಬುಡಸಹಿತ ಕೀಳಬೇಕಾಗಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಗಿಡ ವಿಶ್ರಾಂತಿಯಲ್ಲಿರುವಾಗ ಕಾಂಡವನ್ನು ಗಿಡ್ಡಗೆ ಸವರಿ, ಮಳೆಗಾಲದಲ್ಲಿ ಹೊರಡುವ ಚಿಗುರುಗಳಿಗೆ ಉಮ್ರಾನ್‌ನಂತಹ ಒಳ್ಳೆಯ ತಳಿಯ ಕಣ್ಣು ಕಸಿ ಮಾಡಬಹುದು. ಬೇರು ಮೊದಲೇ ಆಳಕ್ಕೆ ಇಳಿದಿರುವುದರಿಂದ ಹೊಸ ಸಸಿಗಿಂತ ಬೇಗ ಫಲ ಬರುತ್ತದೆ.

ದ್ರಾಕ್ಷಿ ಮಾರುಕಟ್ಟೆಗೆ ಹೋಗಿ ಹಣ ತರುತ್ತದೆ. ಒಡ್ಡಿನ ಬಾರಿ ಮನೆಯವರ ರಕ್ತಕ್ಕೆ ಬಲ ಕೊಡುತ್ತದೆ. ಪ್ರತಿಯೊಂದು ಹೊಲದ ಒಡ್ಡಿನ ಮೇಲೂ ಇಂತಹ ಎರಡು ಗಿಡಗಳನ್ನಾದರೂ ರೈತ ಬಾಂಧವರು ಉಳಿಸಿಕೊಳ್ಳುವುದು ಲಾಭದಾಯಕ.