ಬಿದ್ದ ಚೂರನ್ನು ಕಂಡ ಕ್ಯಾಮೆರಾ

ರಾಕೆಟ್ಟಿನ ಮೈಮೇಲಿನ ಕ್ಯಾಮೆರಾ ಕಳಿಸುವ ಚಿತ್ರಗಳಲ್ಲಿ ಭೂಮಿ ದೂರ ಸರಿಯುವುದನ್ನು ನಾವು ಬೆರಗಿನಿಂದ ನೋಡುತ್ತೇವೆ. ಎಂಜಿನಿಯರುಗಳು ನೋಡುವುದೇ ಬೇರೆ: ಏನು ಕಳಚಿತು, ಎಲ್ಲಿಗೆ ಬಡಿಯಿತು?

2003ರ ಜನವರಿ 16ರಂದು ಕೊಲಂಬಿಯಾ ನೌಕೆ ಮೇಲೇರಿದ 82ನೇ ಸೆಕೆಂಡಿನಲ್ಲಿ ಇಂಧನ ಟ್ಯಾಂಕಿನ ಫೋಮ್ ಹೊದಿಕೆಯ ತುಂಡೊಂದು ಎಡರೆಕ್ಕೆಗೆ ಬಡಿಯಿತು. ನೆಲದ ಕ್ಯಾಮೆರಾಗಳಲ್ಲಿ ಅದು ಕಂಡರೂ ಪೆಟ್ಟಿನ ಆಳ ತಿಳಿಯಲಿಲ್ಲ. ಫೆಬ್ರವರಿ 1ರಂದು ಮರಳುವಾಗ ರೆಕ್ಕೆಯೊಳಕ್ಕೆ ಕಾದ ಗಾಳಿ ನುಗ್ಗಿ ನೌಕೆ ಛಿದ್ರವಾಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಅಸುನೀಗಿದರು.

2005ರ ಜುಲೈ 26ರಂದು ಡಿಸ್ಕವರಿ ಹಾರಿದಾಗ ಟ್ಯಾಂಕಿನ ಮೇಲೆಯೇ ಕ್ಯಾಮೆರಾ ಇತ್ತು. ಮತ್ತೊಂದು ದೊಡ್ಡ ತುಂಡು ಕಳಚಿದ್ದನ್ನು ಅದು ತೋರಿಸಿತು. ಪುಣ್ಯಕ್ಕೆ ನೌಕೆಗೆ ತಗುಲಲಿಲ್ಲ. ಆದರೂ ನಾಸಾ ಮುಂದಿನ ಹಾರಾಟವನ್ನು 2006ರ ಜುಲೈವರೆಗೆ ತಡೆದು, ಟ್ಯಾಂಕನ್ನು ತಿದ್ದಿತು.

ವಿದ್ಯಾರ್ಥಿಗಳೇ, ಉಡಾವಣೆಯ ಚಿತ್ರ ನೋಡುವಾಗ ಬೆಂಕಿಯನ್ನಷ್ಟೇ ಅಲ್ಲ, ಬೀಳುವ ಚೂರನ್ನೂ ಗಮನಿಸಿ.