ಕೂದಲಿಗಿಂತ ತೆಳುವಾದ ಹೊಳಪು

ಹೊಸದಾಗಿ ಬಣ್ಣ ಹೊಡೆಸಿದ ಕಾರಿನ ಬಾಗಿಲಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ನೋಡಿ. ದೀಪದ ಅಂಚು ನೆಟ್ಟಗೆ ಕಂಡರೆ ಕೆಲಸ ಚೆನ್ನಾಗಿದೆ. ಅಂಕುಡೊಂಕಾಗಿ ಕಂಡರೆ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿದೆ ಎಂದರ್ಥ. ಸ್ಪ್ರೇ ಗನ್ನಿನಿಂದ ಹೊರಟ ಹನಿಗಳು ಒಂದರೊಡನೊಂದು ಬೆರೆತು ಸಮವಾಗುವ ಮೊದಲೇ ಒಣಗಿದರೆ ಹೀಗಾಗುತ್ತದೆ. ಥಿನ್ನರ್ ಬೇಗ ಆರುವ ಬೇಸಿಗೆಯಲ್ಲಿ ಈ ಕಾಟ ಹೆಚ್ಚು.

ಇದಕ್ಕೆ ಮದ್ದು ಇನ್ನೊಂದು ಕೋಟು ಬಣ್ಣವಲ್ಲ, ಇರುವುದನ್ನೇ ಉಜ್ಜಿ ತೆಗೆಯುವುದು. ಅಪಾಯವಿರುವುದೂ ಅಲ್ಲಿಯೇ. ಈಗಿನ ಬಹುತೇಕ ಕಾರುಗಳಲ್ಲಿ ಬಣ್ಣದ ಮೇಲೆ ‘ಕ್ಲಿಯರ್ ಕೋಟ್’ ಎಂಬ ಪಾರದರ್ಶಕ ಪದರವಿರುತ್ತದೆ. ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲೂ ಮೀರದು. ತಲೆಗೂದಲು ಸಾಮಾನ್ಯವಾಗಿ ಇದಕ್ಕಿಂತ ದಪ್ಪ! ಬಿಸಿಲಿನ ನೇರಳಾತೀತ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವುದೂ ಇದೇ ಪದರ. ಇದರಲ್ಲಿ ಕೆಲವೇ ಮೈಕ್ರಾನ್ ತೇಯ್ದು ಉಳಿದದ್ದನ್ನು ಉಳಿಸಬೇಕು.

ಪದರ ಪೂರಾ ಗಟ್ಟಿಯಾದ ಮೇಲೆ, ನೀರಿನಲ್ಲಿ ನೆನೆಸಿದ ವಾಟರ್ ಪೇಪರನ್ನು ರಬ್ಬರ್ ತುಂಡಿಗೆ ಸುತ್ತಿ ಹಗುರವಾಗಿ ಉಜ್ಜುತ್ತಾರೆ. ಬರಿಗೈಯಲ್ಲಿ ಒತ್ತಿದರೆ ಬೆರಳಿನ ಅಚ್ಚು ಗೆರೆಗೆರೆಯಾಗಿ ಮೂಡುತ್ತದೆ. 1500 ನಂಬರಿನಿಂದ ಹೊರಟು 2000, ಆಮೇಲೆ 3000. ನಂಬರು ಏರಿದಂತೆ ಕಾಗದ ನಯ. ಒಂದೊಂದೂ ಹಿಂದಿನದರ ಗೀರುಗಳನ್ನು ಅಳಿಸಿ ತನ್ನ ಸಣ್ಣ ಗೀರುಗಳನ್ನು ಬಿಡುತ್ತದೆ. ತೇಯ್ದ ಪುಡಿಯನ್ನು ನೀರು ತೊಳೆದೊಯ್ಯದಿದ್ದರೆ ಆ ಪುಡಿಯೇ ಗೀರು ಹಾಕೀತು.

ಪಳಗಿದ ಪೇಂಟರ್ ಕಣ್ಣಿಡುವುದು ಆ ನೀರಿನ ಮೇಲೆ. ಹಾಲಿನಂತೆ ಇಳಿದರೆ ತೇಯುತ್ತಿರುವುದು ಕ್ಲಿಯರ್ ಕೋಟ್. ಕಾರಿನ ಬಣ್ಣವೇ ಇಳಿಯತೊಡಗಿತೋ, ಕೆಲಸ ಕೆಟ್ಟಿತು. ಮತ್ತೆ ಬಣ್ಣ ಹೊಡೆಯದೆ ಗತಿಯಿಲ್ಲ. ಬಿಳಿ ಕಾರಿನಲ್ಲಂತೂ ಈ ಸುಳಿವೂ ಸಿಗದು. ಬಾನೆಟ್ಟಿನ ಏಣು, ಬಾಗಿಲಿನ ಅಂಚುಗಳಲ್ಲಿ ಪದರ ಬೇಗ ಸವೆಯುವುದರಿಂದ ಅಲ್ಲಿ ಮೊದಲೇ ಟೇಪ್ ಅಂಟಿಸುತ್ತಾರೆ.

ಉಜ್ಜಿ ಮುಗಿಸಿದ ಕಾರು ಬೂದಿ ಬಳಿದಂತೆ ಮಂಕಾಗಿರುತ್ತದೆ. ಮಾಲೀಕರು ಗಾಬರಿಯಾಗುವುದು ಆಗಲೇ! ಕಾಂಪೌಂಡ್ ಹಚ್ಚಿ ಬಫಿಂಗ್ ಯಂತ್ರ ಆಡಿಸಿದರೆ ಹೊಳಪು ಮರಳುತ್ತದೆ. ಯಂತ್ರವನ್ನು ಒಂದೇ ಕಡೆ ನಿಲ್ಲಿಸಿದರೆ ಮಾತ್ರ ಬಿಸಿಗೆ ಪದರ ಸುಟ್ಟೀತು.

ನೀರಿಗೆ ಕೆಡದ ಉಪ್ಪುಕಾಗದವನ್ನು ಅಮೆರಿಕದ ತ್ರೀಎಂ ಕಂಪನಿ 1921ರಲ್ಲಿ ಮಾರುಕಟ್ಟೆಗೆ ತಂದಿತು. ಕಾರು ಕಾರ್ಖಾನೆಗಳಲ್ಲಿ ಒಣದಾಗಿ ಉಜ್ಜಿ ದೂಳು ಕುಡಿಯುತ್ತಿದ್ದ ಕೆಲಸಗಾರರ ಉಸಿರಿಗೆ ಅದರಿಂದ ತುಸು ನೆಮ್ಮದಿ ಸಿಕ್ಕಿತು. ಇಂದಿನ ಅಪಾಯ ಬೇರೆ. ಕ್ಲಿಯರ್ ಕೋಟಿಗೆ ಬೆರೆಸುವ ಹಾರ್ಡನರಿನಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಇರುತ್ತದೆ. ಸ್ಪ್ರೇ ಮಾಡುವಾಗ ಅದು ಶ್ವಾಸಕೋಶ ಸೇರಿದರೆ ಆಸ್ತಮಾ ಬರಬಹುದು. ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯುವುದಿಲ್ಲ.

ಈ ಕೆಲಸವನ್ನು ಶೆಡ್ಡಿನಲ್ಲಿ ನೋಡಿಯೇ ಕಲಿಯಬೇಕೆಂದಿಲ್ಲ. ಐಟಿಐ ಪಠ್ಯಕ್ರಮದಲ್ಲಿ ಕಾರಿನ ಬಣ್ಣಗಾರಿಕೆಗೆಂದೇ ಒಂದು ಟ್ರೇಡ್ ಇದೆ. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆಯೂ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಇದನ್ನು ಒಂದು ವಿಭಾಗವಾಗಿ ಕಲಿಸುತ್ತ ಬಂದಿದೆ. ಎಲ್ಲಿಗೇ ಸೇರಿಸುವುದಿರಲಿ, ತಂದೆ–ತಾಯಿ ಮೊದಲು ಪೇಂಟ್ ಬೂತಿನೊಳಗೆ ಇಣುಕಿ, ಗಾಳಿ ಹೊರಹಾಕುವ ವ್ಯವಸ್ಥೆಯೂ ಸರಿಯಾದ ಮಾಸ್ಕುಗಳೂ ಇವೆಯೇ ಎಂದು ವಿಚಾರಿಸುವುದು ಒಳ್ಳೆಯದು.