ಹೂಡಿಕೆದಾರರ ಮುಂದೆ ಕೂರುವ ಮುನ್ನ



ಹೈದರಾಬಾದಿನಲ್ಲಿ ನಮ್ಮವರು ಬಹಳ ಮಂದಿ ಹೋಟೆಲು ಕಟ್ಟಿದ್ದು ಪಿಗ್ಮಿ ಉಳಿತಾಯ, ಚೀಟಿ ಹಣ, ನೆಂಟರ ಕೈಗಡ ಮತ್ತು ಮನೆಯವರ ಒಡವೆಯ ಮೇಲಿನ ಸಾಲದಿಂದ. ಈಗ ಓದಿದ ಮಕ್ಕಳು ಬೇರೆ ಮಾತು ಆಡುತ್ತಿದ್ದಾರೆ: "ಅಪ್ಪಾ, ಹೂಡಿಕೆದಾರರನ್ನು ಕರೆತರೋಣ, ಒಂದು ಹೋಟೆಲನ್ನು ಹತ್ತು ಮಾಡೋಣ." ಈ ಮಾತಿಗೆ ಈ ಊರಿನಲ್ಲಿ ಕಾರಣವೂ ಇದೆ. 2015ರ ನವೆಂಬರಿನಲ್ಲಿ ಗಚ್ಚಿಬೌಲಿಯ ಐಐಐಟಿ ಆವರಣದಲ್ಲಿ ಆರಂಭವಾದ ಟಿ-ಹಬ್, 2022ರ ಜೂನ್‌ನಲ್ಲಿ ರಾಯದುರ್ಗದ ದೊಡ್ಡ ಕಟ್ಟಡಕ್ಕೆ ಬಂದಿತು. ರಾಜೇಂದ್ರನಗರದ ಸಿರಿಧಾನ್ಯ ಸಂಶೋಧನಾ ಸಂಸ್ಥೆಯಲ್ಲಿ, ರಾಗಿ-ಜೋಳದ ತಿನಿಸುಗಳ ಹೊಸ ಉದ್ಯಮಗಳಿಗೆ ನೆರವಾಗಲೆಂದೇ ನ್ಯೂಟ್ರಿಹಬ್ ಎಂಬ ಘಟಕವಿದೆ.

ಕೆಲವು ಕಾಲದ ಹಿಂದೆ ನಮ್ಮ ಸದಸ್ಯರೊಬ್ಬರ ಜೊತೆ ನಾವು ಒಂದು ಹೂಡಿಕೆದಾರರ ಸಭೆಗೆ ಹೋಗಿದ್ದೆವು. ಕೊಟ್ಟಿದ್ದ ಸಮಯ ಹತ್ತು ನಿಮಿಷ. ನಮ್ಮವರು ಅಷ್ಟನ್ನೂ ತಂದೆಯವರ ಕಷ್ಟ ಮತ್ತು ಸಾಂಬಾರಿನ ರುಚಿ ಹೇಳಲು ಕಳೆದರು. ಕೊನೆಗೆ ಎದುರಿಗಿದ್ದವರು ಒಂದೇ ಪ್ರಶ್ನೆ ಕೇಳಿದರು: "ನೀವು ಒಂದು ತಿಂಗಳು ಊರಿಗೆ ಹೋದರೆ ಹೋಟೆಲು ಹೀಗೇ ನಡೆಯುತ್ತದೆಯೇ?" ನಮ್ಮವರ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಸಿದ್ಧಪಡಿಸಿಕೊಳ್ಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

1. ಇದು ಸಾಲವಲ್ಲ, ಪಾಲು

ಸಾಲ ತೀರಿದರೆ ಬ್ಯಾಂಕಿನ ಸಂಬಂಧ ತೀರುತ್ತದೆ. ಪಾಲು ಕೊಂಡವರು ನಮ್ಮ ಜೊತೆಯೇ ಉಳಿಯುತ್ತಾರೆ, ಲೆಕ್ಕ ಕೇಳುತ್ತಾರೆ, ದೊಡ್ಡ ತೀರ್ಮಾನಗಳಿಗೆ ಅವರ ಒಪ್ಪಿಗೆ ಬೇಕಾಗುತ್ತದೆ. ಮುಂದೊಂದು ದಿನ ಪಾಲು ಮಾರಿ ಹೊರಡುವುದು ಅವರ ಉದ್ದೇಶವೆಂಬುದನ್ನೂ ತಿಳಿದಿರಬೇಕು. ನಿಮ್ಮ ವ್ಯವಹಾರಕ್ಕೆ ಇಂದು 2 ಕೋಟಿ ಬೆಲೆ ಕಟ್ಟಿ, ಅವರು 50 ಲಕ್ಷ ಹಾಕಿದರೆ, ಒಟ್ಟು ಬೆಲೆ 2.5 ಕೋಟಿ ಆಗುತ್ತದೆ. ಅವರ ಪಾಲು ಶೇ. 20, ಶೇ. 25 ಅಲ್ಲ. ಆದ್ದರಿಂದ 2 ಕೋಟಿ ಎಂಬುದು ಹಣ ಹಾಕುವ ಮೊದಲಿನ ಬೆಲೆಯೋ ನಂತರದ ಬೆಲೆಯೋ ಎಂದು ಮೊದಲೇ ಕೇಳಿಕೊಳ್ಳಿ.

2. ಮನೆಯವರ ಸಂಬಳ ಲೆಕ್ಕಕ್ಕೆ ಬರಲಿ

ನಮ್ಮವರು ಎಡವುವುದು ಇಲ್ಲಿಯೇ. ಉದಾಹರಣೆಗೆ, ತಿಂಗಳಿಗೆ 12 ಲಕ್ಷ ವ್ಯಾಪಾರದ ಒಂದು ಹೋಟೆಲನ್ನು ತೆಗೆದುಕೊಳ್ಳೋಣ. ದಿನಸಿ, ತರಕಾರಿ, ಹಾಲಿಗೆ 4.80 ಲಕ್ಷ, ಕೆಲಸಗಾರರಿಗೆ 2.40 ಲಕ್ಷ, ಬಾಡಿಗೆ 1.50 ಲಕ್ಷ, ಗ್ಯಾಸ್, ಕರೆಂಟು, ನೀರಿಗೆ 90 ಸಾವಿರ, ಆನ್‌ಲೈನ್ ಕಮಿಷನ್, ಪಾರ್ಸೆಲ್ ಸಾಮಾನು ಮತ್ತು ಇತರೆ 60 ಸಾವಿರ. ಉಳಿಯುವುದು 1.80 ಲಕ್ಷ.

ಆದರೆ ಗಲ್ಲೆಯಲ್ಲಿ ನೀವು, ಅಡುಗೆಮನೆಯಲ್ಲಿ ತಮ್ಮ, ನಸುಕಿನಲ್ಲಿ ಬೋವೆನಪಲ್ಲಿ ಮಾರ್ಕೆಟಿಗೆ ಹೋಗುವುದು ಭಾವ. ಮೂವರಿಗೂ ಸಂಬಳವಿಲ್ಲ. ಎರಡನೇ ಶಾಖೆಯಲ್ಲಿ ಈ ಮೂವರೂ ಇರಲಾರರು. ಅವರ ಜಾಗಕ್ಕೆ ತಲಾ 40 ಸಾವಿರದ ಮೇಲೆ ಜನ ಇಟ್ಟರೆ 1.20 ಲಕ್ಷ ಹೋಗಿ, ಉಳಿಯುವುದು 60 ಸಾವಿರ ಮಾತ್ರ. ಶಾಖೆಗೆ 40 ಲಕ್ಷ ಬಂಡವಾಳ ಬೇಕೆಂದರೆ, ಮೊದಲಿನ ಲೆಕ್ಕದಲ್ಲಿ ಅದು 22 ತಿಂಗಳಿಗೆ ವಾಪಸು ಬರುತ್ತದೆ. ನಿಜವಾದ ಲೆಕ್ಕದಲ್ಲಿ ಐದೂವರೆ ವರ್ಷ ದಾಟುತ್ತದೆ. ನಾವು ಮಾಡದಿದ್ದರೆ ಈ ಲೆಕ್ಕವನ್ನು ಎದುರಿಗೆ ಕುಳಿತವರು ಮಾಡುತ್ತಾರೆ.

ಇನ್ನೊಂದು ವಿಷಯ. ನಾವು ಬಹುತೇಕರು ಶೇ. 5ರ ಜಿಎಸ್‌ಟಿ ದರದಲ್ಲಿದ್ದೇವೆ. 2017ರ ನವೆಂಬರಿನಿಂದ ಈ ದರದವರಿಗೆ ಕೊಂಡ ಸಾಮಾನಿನ ತೆರಿಗೆ ವಾಪಸಿಲ್ಲ. ಗ್ರೈಂಡರ್, ಫ್ರಿಜ್, ಸ್ಟೀಲ್ ಸಾಮಾನಿನ ಮೇಲಿನ ತೆರಿಗೆಯನ್ನೂ ಬಂಡವಾಳಕ್ಕೆ ಸೇರಿಸಿ.

3. ಮಾರುವುದು ಯಾವುದು, ಇಟ್ಟುಕೊಳ್ಳುವುದು ಯಾವುದು

ಎಂಟಿಆರ್ ನೆನಪಿಸಿಕೊಳ್ಳಿ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹೋಟೆಲು ಅದು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರಕಾರ ತಿಂಡಿಯ ದರ ಇಳಿಸಿದಾಗ ಹೋಟೆಲು ನಡೆಸುವುದು ಕಷ್ಟವಾಗಿ, ಪೊಟ್ಟಣದ ಮಿಕ್ಸು-ಪುಡಿಗಳ ವ್ಯಾಪಾರಕ್ಕೆ ಇಳಿದರು. 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಸುಮಾರು 353 ಕೋಟಿ ರೂಪಾಯಿಗೆ ಕೊಂಡದ್ದು ಈ ಪೊಟ್ಟಣದ ವ್ಯಾಪಾರವನ್ನು. ಹೋಟೆಲು ಕುಟುಂಬದ ಕೈಯಲ್ಲೇ ಉಳಿಯಿತು. ನೀವೂ ಮಸಾಲೆ ಪುಡಿಗೆ, ದೋಸೆ ಹಿಟ್ಟಿಗೆ ಅಥವಾ ಹೊಸ ಶಾಖೆಗಳಿಗೆ ಬೇರೆ ಕಂಪನಿ ಮಾಡಿ ಅದರಲ್ಲಿ ಪಾಲು ಕೊಡಬಹುದು. ತಂದೆಯವರು ಕಟ್ಟಿದ ಮೊದಲ ಹೋಟೆಲನ್ನು ಅದರಿಂದ ಹೊರಗೆ ಇಡಬಹುದು. ಹೆಸರು ಯಾರದು ಎಂಬುದನ್ನು ಮಾತ್ರ ಕಾಗದದಲ್ಲಿ ಸ್ಪಷ್ಟವಾಗಿ ಬರೆಸಬೇಕು.

4. ಕಾಗದಪತ್ರ

ಒಬ್ಬರ ಹೆಸರಿನ ವ್ಯವಹಾರದಲ್ಲಿ ಷೇರು ಕೊಡಲು ಬರುವುದಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ ಬೇಕು. ಆಹಾರ ಸುರಕ್ಷತಾ ಲೈಸೆನ್ಸ್, ಬಾಡಿಗೆ ಕರಾರು, ಜಿಎಸ್‌ಟಿ ರಿಟರ್ನ್, ಪಿಎಫ್ ದಾಖಲೆ ಸರಿಯಿರಲಿ. ಬಿಲ್ಲಿಲ್ಲದ ವ್ಯಾಪಾರವನ್ನು ಹೂಡಿಕೆದಾರರು ವ್ಯಾಪಾರವೆಂದೇ ಎಣಿಸುವುದಿಲ್ಲ.

5. ಹತ್ತು ನಿಮಿಷದಲ್ಲಿ ಏನು ಹೇಳಬೇಕು

ಗಿರಾಕಿ ಯಾರು, ದಿನಕ್ಕೆ ಎಷ್ಟು ಬಿಲ್ಲು, ಒಂದು ಬಿಲ್ಲಿಗೆ ಸರಾಸರಿ ಎಷ್ಟು, ಒಂದು ಶಾಖೆಯ ನಿಜವಾದ ಉಳಿತಾಯ, ಎಷ್ಟು ಹಣ ಬೇಕು, ಯಾವುದಕ್ಕೆ, ವಾಪಸು ಎಷ್ಟು ಕಾಲದಲ್ಲಿ. ಇಷ್ಟೇ ಸಾಕು. ರುಚಿಯನ್ನು ಮಾತಿನಲ್ಲಿ ವರ್ಣಿಸುವ ಬದಲು ಡಬ್ಬಿಯಲ್ಲಿ ಕೊಂಡುಹೋಗಿ, ಮಾತು ಮುಗಿದ ಮೇಲೆ ಬಡಿಸಿ. ಗೊತ್ತಿಲ್ಲದ ಪ್ರಶ್ನೆಗೆ "ನೋಡಿ ತಿಳಿಸುತ್ತೇನೆ" ಎನ್ನುವುದರಲ್ಲಿ ಅವಮಾನವಿಲ್ಲ.

ಆ ಸದಸ್ಯರು ಮನೆಗೆ ಬಂದು ತಮ್ಮನ ಜೊತೆ ಕುಳಿತು ಲೆಕ್ಕ ಹಾಕಿದರು. ಹದಿನಾಲ್ಕು ವರ್ಷ ಸಂಬಳವಿಲ್ಲದೆ ದುಡಿದ ತಮ್ಮನಿಗೆ ಮೊದಲ ಬಾರಿ ತಿಂಗಳ ಸಂಬಳ ನಿಗದಿ ಮಾಡಿದರು. ಸಾಂಬಾರಿನ ಅಳತೆಯನ್ನು ಗ್ರಾಂ ಲೆಕ್ಕದಲ್ಲಿ ಬರೆಸಿ ಅಡುಗೆಮನೆಯ ಗೋಡೆಗೆ ಹಾಕಿದರು. ಹೊರಗಿನ ಹಣ ತರುವ ಯೋಚನೆಯನ್ನು ಸದ್ಯಕ್ಕೆ ಮುಂದೂಡಿದ್ದಾರೆ. ಆದರೆ ಈ ಬಾರಿ ಹತ್ತು ದಿನ ಊರಿಗೆ ಹೋಗಿ ಬಂದರು. ಹೋಟೆಲು ಹೀಗೆಯೇ ನಡೆದಿತ್ತು.

ಹೂಡಿಕೆದಾರರ ಬಳಿ ಹೋಗುವುದು ಬಿಡುವುದು ನಿಮ್ಮ ಇಷ್ಟ. ಈ ಲೆಕ್ಕವನ್ನು ಮಾತ್ರ ಈ ತಿಂಗಳೇ ಬರೆದು ನೋಡಿ ಎಂಬುದು ನಮ್ಮ ಕೋರಿಕೆ.